ಇಲ್ಲದವರು ನಿಂತಿದ್ದ ಊರು

ನಾನು ವೆಲೆಸ್‌ಗೆ ಹೋದದ್ದು ಮೋಸ ಹೋದ ನಾಚಿಕೆಗೆ. 2021ರ ಮಳೆಗಾಲದಲ್ಲಿ ಪತ್ರಿಕೋದ್ಯಮ ಓದುವ ಒಂದಷ್ಟು ಹುಡುಗ ಹುಡುಗಿಯರಿಗೆ ಶನಿವಾರ ಶನಿವಾರ ಜೂಮ್‌ನಲ್ಲಿ ಪಾಠ ಮಾಡುತ್ತಿದ್ದೆ. ವಿಷಯ, ಸೋಷಿಯಲ್ ಮೀಡಿಯಾದಲ್ಲಿ ನಕಲಿ ಖಾತೆಗಳನ್ನು ಹಿಡಿಯುವುದು ಹೇಗೆ ಅಂತ. ಬರೀ ಲಿಂಕು, ಕೋಡು ನೋಡಿ ಹುಡುಗರಿಗೆ ಬೇಸರ ಬಂದೀತೆಂದು ನಡುವೆ ನಾರ್ವೆಯ ಛಾಯಾಗ್ರಾಹಕ ಯೋನಾಸ್ ಬೆಂಡಿಕ್ಸೆನ್ ಅವರ ಹೊಸ ಪುಸ್ತಕದ ಕೆಲವು ಚಿತ್ರ ತೋರಿಸುತ್ತಿದ್ದೆ. ಉತ್ತರ ಮ್ಯಾಸಿಡೋನಿಯಾದ ವೆಲೆಸ್ ಎಂಬ ಊರು, ಮಂಕು ಬೆಳಕಿನ ಕೋಣೆಗಳು, ಕಂಪ್ಯೂಟರಿನ ಮುಂದೆ ಯುವಕರು, ಬೀದಿಗೆ ಇಳಿದುಬಂದ ಕರಡಿ. "ಸುಳ್ಳು ಸುದ್ದಿಯ ಕಾರ್ಖಾನೆ ನಡೆಸಿದವರು ಇವರೇ. ಕಣ್ಣಲ್ಲಿ ಎಂಥ ಸುಸ್ತು ನೋಡಿ" ಅಂತ ನನ್ನ ವ್ಯಾಖ್ಯಾನ ಬೇರೆ.

ಸೆಪ್ಟೆಂಬರಿನಲ್ಲಿ ಬೆಂಡಿಕ್ಸೆನ್ ತಾವೇ ಬಾಯಿಬಿಟ್ಟರು. ಚಿತ್ರಗಳಲ್ಲಿದ್ದ ಒಬ್ಬ ಮನುಷ್ಯನೂ ಮನುಷ್ಯನಲ್ಲ. ಅವರು ವೆಲೆಸ್‌ಗೆ ಹೋಗಿ ಖಾಲಿ ಬೀದಿ, ಖಾಲಿ ಕೋಣೆ, ಖಾಲಿ ಬೆಂಚುಗಳ ಚಿತ್ರ ತೆಗೆದುಕೊಂಡು ಬಂದು, ಆಮೇಲೆ ಮನೆಯಲ್ಲಿ ಕೂತು ವಿಡಿಯೊ ಗೇಮಿನವರು ಬಳಸುವಂಥ ತಂತ್ರದಿಂದ ಆ ಜಾಗಗಳಲ್ಲಿ ಗೊಂಬೆಗಳನ್ನು ನಿಲ್ಲಿಸಿದ್ದರು. ಕರಡಿಯೂ ಗೊಂಬೆ. ಪುಸ್ತಕದ ಪ್ರಬಂಧವನ್ನು ಬರೆದದ್ದು ಯಂತ್ರ. ಮ್ಯಾಗ್ನಮ್‌ನಂಥ ಛಾಯಾಗ್ರಾಹಕರ ಸಂಸ್ಥೆಯ ಸಹೋದ್ಯೋಗಿಗಳಿಗೂ ಗೊತ್ತಾಗಲಿಲ್ಲ. ಫ್ರಾನ್ಸಿನ ಪೆರ್ಪಿನ್ಯಾನ್‌ನಲ್ಲಿ ಸುದ್ದಿಚಿತ್ರಗಳ ದೊಡ್ಡ ಉತ್ಸವದಲ್ಲಿ ಪರದೆಯ ಮೇಲೆ ತೋರಿಸಿದರು, ಅಲ್ಲೂ ಯಾರೂ ಕೆಮ್ಮಲಿಲ್ಲ. ಕಾದು ಕಾದು ಸಾಕಾಗಿ ಬೆಂಡಿಕ್ಸೆನ್ ಕ್ಲೋಯಿ ಮಿಸ್ಕಿನ್ ಎಂಬ ನಕಲಿ ಖಾತೆಯನ್ನು ತಾವೇ ಹುಟ್ಟಿಸಿ, ಅದರ ಬಾಯಿಂದ ತಮ್ಮ ಮೇಲೆಯೇ ಆರೋಪ ಹೊರಿಸಿಕೊಂಡರು! ಕೊನೆಗೆ ಒಬ್ಬ ಬ್ರಿಟಿಷ್ ಚಿತ್ರನಿರ್ಮಾಪಕರಿಗೆ ಆ ಕ್ಲೋಯಿಯ ಮೇಲೆ ಗುಮಾನಿ ಬಂತು, ಗಂಟು ಬಿಚ್ಚಿತು.

ನಕಲಿ ಹಿಡಿಯುವ ಮೇಷ್ಟರು ಮೂರು ತಿಂಗಳು ನಕಲಿಯನ್ನೇ ಪಾಠ ಹೇಳಿದ್ದರು. ಹುಡುಗರಿಗೆ ಮೇಲ್ ಬರೆದು ತಪ್ಪೊಪ್ಪಿಕೊಂಡೆ. ಆದರೆ ಒಂದು ಆಸೆ ಒಳಗೇ ಉಳಿಯಿತು. ಆ ಗೊಂಬೆಗಳು ನಿಂತಿದ್ದ ಜಾಗ ಮಾತ್ರ ನಿಜ ಅಲ್ಲವೆ? ಅದನ್ನು ಒಮ್ಮೆ ನೋಡಬೇಕು. ಇಸ್ತಾಂಬುಲ್ ಮೇಲೆ ಹಾದು ಒಂದು ಅಕ್ಟೋಬರಿನ ಬೆಳಗ್ಗೆ ಸ್ಕೋಪ್ಯೆಯಲ್ಲಿ ಇಳಿದೆ.

ಸ್ಕೋಪ್ಯೆ ಮದರ್ ತೆರೇಸಾ ಹುಟ್ಟಿದ ಊರು. ಇಂಡಿಯಾದವನು ಅಂದ ಕೂಡಲೇ ಟ್ಯಾಕ್ಸಿಯವನು ಸ್ಟೇರಿಂಗ್ ಬಿಟ್ಟು ಎದೆ ಮುಟ್ಟಿಕೊಂಡ. 1963ರ ಜುಲೈ 26ರ ನಸುಕಿನಲ್ಲಿ ಇಲ್ಲಿ ಭೂಕಂಪವಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಳೆಯ ರೈಲು ನಿಲ್ದಾಣದ ಗಡಿಯಾರ ಇವತ್ತಿಗೂ 5 ಗಂಟೆ 17 ನಿಮಿಷಕ್ಕೆ ನಿಂತೇ ಇದೆ. ಅದನ್ನು ನೋಡಿ ಎದೆ ಭಾರವಾಗಿ ಹತ್ತು ಹೆಜ್ಜೆ ನಡೆದು ಚೌಕಕ್ಕೆ ಬಂದರೆ ಬೇರೆಯದೇ ಲೋಕ. ಕಂಬ, ಕಮಾನು, ಗುಮ್ಮಟ, ಎಲ್ಲೆಲ್ಲೂ ಬಿಳೀ ಪ್ರತಿಮೆ. ಶತಮಾನಗಳ ಹಿಂದಿನ ಅರಮನೆಗಳಿರಬೇಕು ಅಂದುಕೊಂಡೆ. ಗೋಡೆಗೆ ಬೆರಳು ಮಡಚಿ ತಟ್ಟಿದರೆ ಟೊಳ್ಳು ಸದ್ದು. 2010ರ ನಂತರ ಸರ್ಕಾರ ಸಮಾಜವಾದಿ ಕಾಲದ ಸಪಾಟು ಕಟ್ಟಡಗಳಿಗೆ ಹೊರಗಿಂದ ಇಂಥ ಮುಖವಾಡ ಹೊದಿಸಿತು. ಚೌಕದ ನಡುವೆ ಕುದುರೆಯ ಮೇಲೆ ಕತ್ತಿ ಹಿಡಿದ ಭಾರೀ ಪ್ರತಿಮೆ. ನೋಡಿದವರಿಗೆಲ್ಲ ಅದು ಅಲೆಕ್ಸಾಂಡರ್ ಅಂತ ಗೊತ್ತು. ಆದರೆ ಗ್ರೀಸ್ ತಕರಾರು ತೆಗೆಯುತ್ತದೆಂದು 2011ರಲ್ಲಿ ನಿಲ್ಲಿಸುವಾಗ ಇಟ್ಟ ಹೆಸರು 'ಕುದುರೆಯ ಮೇಲಿನ ಯೋಧ' ಎಂದಷ್ಟೇ. ಹೆಸರು ಮರೆಸಿಕೊಂಡ ಖಾತೆಗಳ ಬೆನ್ನು ಹತ್ತಿ ಬಂದವನಿಗೆ ಮೊದಲ ದಿನವೇ ಸಿಕ್ಕಿದ್ದು ಇಂಥದ್ದು, ಅದೂ ಕಂಚಿನದು.

ಸ್ಕೋಪ್ಯೆಯಿಂದ ವೆಲೆಸ್‌ಗೆ ಐವತ್ತು ಚಿಲ್ಲರೆ ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ, ರೈಲು ಬೆರಳೆಣಿಕೆ. ರೈಲೇ ಹತ್ತಿದೆ. ಮೈತುಂಬ ಬಣ್ಣದ ಗೀಚು ಬರೆಸಿಕೊಂಡ ಬೋಗಿಗಳು ವಾರ್ದಾರ್ ನದಿಯ ಪಕ್ಕದಲ್ಲೇ ಕಣಿವೆಯೊಳಗೆ ನುಗ್ಗುತ್ತವೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಸಿರು ಮಿಶ್ರಿತ ಕಂದು ನೀರು. ಇದೇ ನೀರು ಗ್ರೀಸಿಗೆ ಹೋಗಿ ಏಜಿಯನ್ ಸಮುದ್ರ ಸೇರುತ್ತದೆ. ಸಕಲೇಶಪುರದ ಘಟ್ಟದ ರೈಲು ನೆನಪಾಯಿತು, ಆದರೆ ಇಲ್ಲಿ ಬೆಟ್ಟಗಳು ಬೋಳು, ಮಳೆ ಕಾಣದ ಬಿಸಿಲಿನ ಬಣ್ಣ. ಒಂದು ಗಂಟೆ ಕಳೆಯುವಷ್ಟರಲ್ಲಿ ನದಿಯ ಎರಡೂ ದಡದಿಂದ ಮೇಲೆ ಮೇಲೆ ಏರಿದ ಕೆಂಪು ಹೆಂಚಿನ ಮನೆಗಳು ಕಂಡವು. ಎದ್ದು ನಿಂತುಬಿಟ್ಟೆ. ಕಾಣುತ್ತಿದ್ದದ್ದು ನಾನು ಸ್ಲೈಡಿನಲ್ಲಿ ತೋರಿಸುತ್ತಿದ್ದ ಊರೇ. ಇದೊಂದು ಸುಳ್ಳಾಗಿರಲಿಲ್ಲ.

ಸುಮಾರು 40 ಸಾವಿರ ಜನರ ಊರು. ಯುಗೊಸ್ಲಾವಿಯಾ ಇದ್ದಾಗ ಪಿಂಗಾಣಿ ಕಾರ್ಖಾನೆ, ಸೀಸ ಮತ್ತು ಸತು ಕರಗಿಸುವ ಕುಲುಮೆ ಇತ್ಯಾದಿ ಇದ್ದು ಎಲ್ಲರಿಗೂ ಕೆಲಸವಿತ್ತು. ಕುಲುಮೆ 2003ರಲ್ಲಿ ಮುಚ್ಚಿತು. ಸೀಸ ಮಣ್ಣಿನಲ್ಲಿ ಉಳಿಯಿತು, ಸಂಬಳ ಉಳಿಯಲಿಲ್ಲ.

2016ರ ನವೆಂಬರ್ 3ರಂದು, ಅಮೆರಿಕದ ಅಧ್ಯಕ್ಷ ಚುನಾವಣೆಗೆ ಐದು ದಿನ ಮೊದಲು, ಬಜ್‌ಫೀಡ್‌ನ ಕ್ರೇಗ್ ಸಿಲ್ವರ್‌ಮನ್ ಮತ್ತು ಲಾರೆನ್ಸ್ ಅಲೆಕ್ಸಾಂಡರ್ ಒಂದು ವರದಿ ಬರೆದರು. ಅಮೆರಿಕದ ರಾಜಕೀಯದ ಬಗ್ಗೆ ಬೆಂಕಿ ಉಗುಳುತ್ತಿದ್ದ 140 ವೆಬ್‌ಸೈಟುಗಳು ಈ ಒಂದು ಊರಿಂದ ನಡೆಯುತ್ತಿದ್ದವು. ಅಮೆರಿಕದ ಬಾವುಟ, ಹದ್ದು, ಟ್ರಂಪ್ ಮುಖ. ಹೆಸರುಗಳೋ 'ವರ್ಲ್ಡ್ ಪೊಲಿಟಿಕಸ್', 'ಟ್ರಂಪ್ ವಿಷನ್ 365'. ಹಿಲರಿ ಕ್ಲಿಂಟನ್ 2013ರಲ್ಲೇ ಟ್ರಂಪ್‌ನಂಥವರು ಚುನಾವಣೆಗೆ ನಿಲ್ಲಬೇಕು ಅಂದಿದ್ದರು ಎಂಬ ಒಂದು ಹಸಿ ಸುಳ್ಳಿಗೆ ಫೇಸ್‌ಬುಕ್‌ನಲ್ಲಿ ಒಂದು ವಾರದಲ್ಲಿ 4 ಲಕ್ಷ 80 ಸಾವಿರ ಶೇರು, ಲೈಕು, ಕಾಮೆಂಟು. ಅದೇ ಹೊತ್ತಿಗೆ ಟ್ರಂಪ್ ತೆರಿಗೆಯ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಕಷ್ಟಪಟ್ಟು ಹೊರತಂದ ವರದಿಗೆ ಒಂದು ತಿಂಗಳಲ್ಲಿ ಬಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ.

ಆಮೇಲೆ ಇಲ್ಲಿಗೆ ಬಂದವರಲ್ಲಿ ನಮ್ಮವರೇ ಆದ ಸಮಂತ್ ಸುಬ್ರಮಣಿಯನ್ ಕೂಡ ಒಬ್ಬರು. ವೈರ್ಡ್ ಪತ್ರಿಕೆಗೆ ಬರೆದ ಅವರ ಲೇಖನದಲ್ಲಿ ಬೋರಿಸ್ ಎಂಬ ಸುಳ್ಳು ಹೆಸರಿನ ಹುಡುಗನೊಬ್ಬ ಬರುತ್ತಾನೆ. ಅವನು ನಾಲ್ಕು ತಿಂಗಳಲ್ಲಿ ದುಡಿದದ್ದು ಸುಮಾರು 16 ಸಾವಿರ ಡಾಲರ್. ದೇಶದ ಸರಾಸರಿ ತಿಂಗಳ ಸಂಬಳ ಆಗ 371 ಡಾಲರ್. ಇದರಲ್ಲಿ ಟ್ರಂಪ್ ಮೇಲಿನ ಪ್ರೀತಿ, ಹಿಲರಿ ಮೇಲಿನ ದ್ವೇಷ ಎರಡೂ ಇಲ್ಲ. ಎಡಪಂಥದ ಸುದ್ದಿಯನ್ನೂ ಕೆಲವರು ಹಾಕಿ ನೋಡಿದ್ದರು, ಅಷ್ಟು ಓಡಲಿಲ್ಲ, ಬಿಟ್ಟರು. ಸಂತೆಯಲ್ಲಿ ಯಾವ ಬದನೆ ಬೇಗ ಖಾಲಿಯಾಗುತ್ತದೋ ಅದನ್ನೇ ಮುಂದಿನ ವಾರ ಹೆಚ್ಚು ತರುವ ಹಾಗೆ.

ನಾನು ಉಳಿದುಕೊಂಡ ಮನೆಯವರ ಪರಿಚಯದ ಹುಡುಗನೊಬ್ಬ ಊರು ತೋರಿಸಲು ಬಂದ. ಈಗ ಇಪ್ಪತ್ತೈದರ ಮೇಲಿನವನು, 2016ರಲ್ಲಿ ಹೈಸ್ಕೂಲು. ಹೆಸರು ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ನದಿ ದಂಡೆಯ ಕೆಫೆಯಲ್ಲಿ ಊಟಕ್ಕೆ ಕೂತೆವು. ನಾನು ಮಾಂಸ ತಿನ್ನುವುದಿಲ್ಲ ಅಂದಾಗ ಅವನು ಮಾಣಿಗೆ 'ಪೋಸ್ನೊ' ಅಂದ. ವ್ರತದ ಊಟ ಅಂತ ಅರ್ಥ. ಅಲ್ಲಿನ ಕ್ರಿಶ್ಚಿಯನ್ನರಿಗೆ ವರ್ಷದಲ್ಲಿ ಎಷ್ಟೋ ದಿನ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಬಂದದ್ದು ಮಣ್ಣಿನ ಬಟ್ಟಲಿನಲ್ಲಿ ಕುದಿಯುತ್ತಿದ್ದ ತಾವ್ಚೆ ಗ್ರಾವ್ಚೆ, ಬಿಳಿ ಕಾಳನ್ನು ಕೆಂಪು ಮೆಣಸಿನ ಪುಡಿ ಹಾಕಿ ಒಲೆಯೊಳಗೆ ಬೇಯಿಸಿದ್ದು. ಮೇಲೆ ಸಣ್ಣಗೆ ಕೆನೆಗಟ್ಟಿತ್ತು. ಅವರೆಕಾಳಿನ ಹುಳಿಯ ದೂರದ ನಂಟ.

"ನೀನೂ ಮಾಡಿದ್ದೆಯಾ?" ಎಂದು ಕೇಳಿದೆ.

"ನಾನು ರಾಜಕೀಯ ಮುಟ್ಟಲಿಲ್ಲ. ನಮ್ಮದು ಆರೋಗ್ಯ" ಅಂದ, ಪೌರೋಹಿತ್ಯ ನಮ್ಮದಲ್ಲ, ಜ್ಯೋತಿಷ್ಯ ನಮ್ಮದು ಅನ್ನುವ ಗತ್ತಿನಲ್ಲಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂಬೆರಸ ಕುಡಿದರೆ ಏನೇನು ವಾಸಿಯಾಗುತ್ತದೆ, ಬೆಳ್ಳುಳ್ಳಿ ದಿಂಬಿನ ಕೆಳಗಿಟ್ಟರೆ ಏನಾಗುತ್ತದೆ. ಚುನಾವಣೆಗೆ ಮುಂಚೆಯೇ ಈ ಊರಿನ ಹಲವರು ಇಂಥ ಆರೋಗ್ಯದ ಸೈಟುಗಳಿಂದ ಕೈ ಪಳಗಿಸಿಕೊಂಡಿದ್ದರು. ಶಿರಸಿಯ ನನ್ನ ಚಿಕ್ಕಮ್ಮ ವಾಟ್ಸಾಪಿನಲ್ಲಿ ಕಳಿಸುತ್ತಿದ್ದ ನಿಂಬೆಹಣ್ಣಿನ ಮಹಿಮೆಗಳು ಕಣ್ಣ ಮುಂದೆ ಸಾಲುಗಟ್ಟಿದವು. ಅದರಲ್ಲಿ ಒಂದಾದರೂ ಈ ನದಿ ದಂಡೆಯಿಂದ ಹೊರಟು ಏಳು ಸಮುದ್ರ ದಾಟಿ ಶಿರಸಿ ಮುಟ್ಟಿತ್ತೋ ಏನೋ! ನಾನು ನಕ್ಕದ್ದು ಯಾಕೆಂದು ಅವನಿಗೆ ತಿಳಿಯಲಿಲ್ಲ.

ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು ಅವನಿಗೆ ನನ್ನ ಪಾಠದ ಒಂದು ಆಟ ತೋರಿಸಿದೆ. ಯಾವಾಗಲೋ ಮುಚ್ಚಿಹೋದ ವೆಬ್‌ಪುಟಗಳ ನಕಲು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದಿರುತ್ತದೆ. ಆ ಕಾಲದ ಒಂದು ಟ್ರಂಪ್ ಪುಟ ತೆರೆದೆ. ಮೇಲೆ ನೋಡಿದರೆ ಅಪ್ಪಟ ಅಮೆರಿಕ. ಆದರೆ ಪುಟದ ಹೊಟ್ಟೆ ಬಗೆದು ಕೋಡ್ ನೋಡಿದರೆ ನಡುವೆ ಎಲ್ಲೋ 'ಪಬ್' ಎಂದು ಶುರುವಾಗುವ ಒಂದು ಉದ್ದ ಸಂಖ್ಯೆ ಸಿಗುತ್ತದೆ. ಗೂಗಲ್ ಜಾಹೀರಾತಿನ ದುಡ್ಡು ಯಾರಿಗೆ ಹೋಗಬೇಕು ಎಂದು ಹೇಳುವ ನಂಬರು ಅದು. ಹೆಸರು ಬದಲಾಯಿಸಬಹುದು, ಮುಖ ಬದಲಾಯಿಸಬಹುದು, ಆದರೆ ದುಡ್ಡು ಬರುವ ದಾರಿ ಬದಲಾಯಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆ ನಂಬರನ್ನೇ ಹಿಡಿದು ಹುಡುಕಿದೆ. ಇನ್ನೊಂದು ರಾಜಕೀಯದ ಸೈಟು, ಅದರ ಹಿಂದೆ ಕಾರುಗಳದ್ದು, ಅದರ ಹಿಂದೆ ಅಡುಗೆಯದ್ದು. ಹಗ್ಗ ಎಳೆದರೆ ಬಾವಿಯಿಂದ ಕೊಡದ ಮೇಲೆ ಕೊಡ ಬಂದ ಹಾಗೆ. ಸೈಟಿನ ಹೆಸರು ನೋಂದಾಯಿಸುವಾಗ ಕೊಟ್ಟ ವಿಳಾಸಗಳಲ್ಲಿ ವೆಲೆಸ್ ಎಂದು ಇದ್ದದ್ದೇ ಬಜ್‌ಫೀಡ್‌ನ ಆ ಪತ್ರಕರ್ತರಿಗೆ ಸಿಕ್ಕ ದೊಡ್ಡ ಸುಳಿವು. ಹುಡುಗ ಪರದೆಗೆ ಮೂಗು ತಾಗಿಸಿ ನೋಡಿದ. ಅಡುಗೆ ಸೈಟಿನ ಹತ್ತಿರ ಬಂದಾಗ "ಇದು ಯಾರದ್ದು ಅಂತ ನನಗೆ ಗೊತ್ತು" ಅಂದ. ಯಾರದ್ದು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇಷ್ಟು ಹೇಳಿ 'ಬಡ ಊರಿನ ತರಲೆ ಹುಡುಗರ ಕಥೆ' ಅಂತ ಮುಗಿಸಿಬಿಡಬಹುದಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಹಾಗೇ ಮುಗಿಸಿದ್ದವು, ನನ್ನ ಪಾಠದಲ್ಲೂ ಹಾಗೇ ಇತ್ತು. ಆದರೆ 2018ರಲ್ಲಿ ಮ್ಯಾಸಿಡೋನಿಯಾದ ತನಿಖಾ ಪತ್ರಕರ್ತರು ಹೊರಗಿನವರ ಜೊತೆ ಸೇರಿ ಇನ್ನಷ್ಟು ಅಗೆದಾಗ ಸಿಕ್ಕಿದ್ದು ಬೇರೆ. ಈ ದಂಧೆಗೆ ಮೊದಲು ದಾರಿ ಹಾಕಿದವರಲ್ಲಿ ಅಲ್ಲಿನ ಒಬ್ಬ ವಕೀಲನಿದ್ದ, ಅವನ ಜೊತೆ ಕೈಜೋಡಿಸಿ ಬರೆದುಕೊಟ್ಟ ಅಮೆರಿಕನ್ನರೇ ಇದ್ದರು. ಸುಳ್ಳಿನ ಬಗ್ಗೆ ನಾವು ಹೇಳಿಕೊಂಡ ನಿಜದ ಕಥೆಗೂ ಒಂದು ಚಂದದ ಮುಖವಾಡ ಇತ್ತು. ಸ್ಕೋಪ್ಯೆಯ ಗೋಡೆಯ ಟೊಳ್ಳು ಸದ್ದು ಮತ್ತೆ ಕೇಳಿಸಿದಂತಾಯಿತು.

ದುಡ್ಡಿಗಾಗಿ ಅಲ್ಲದೆ ಉದ್ದೇಶಕ್ಕಾಗಿಯೇ ನಡೆಯುವ ಕಾರ್ಖಾನೆ ಬೇರೆ ಜಾತಿಯದು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಸವುಷ್ಕಿನಾ ಬೀದಿಯ 55ನೇ ನಂಬರಿನ ಕಟ್ಟಡದಲ್ಲಿ ಪಾಳಿ ಲೆಕ್ಕದಲ್ಲಿ ಕೂತು ಸುಳ್ಳು ಖಾತೆ ನಡೆಸುತ್ತಿದ್ದವರಿದ್ದರು. ಲ್ಯುದ್ಮಿಲಾ ಸಾವ್ಚುಕ್ ಎಂಬ ಪತ್ರಕರ್ತೆ ಎರಡು ತಿಂಗಳು ಅಲ್ಲೇ ನೌಕರಿಗೆ ಸೇರಿ ಒಳಗಿನದೆಲ್ಲ ಹೊರಗಿಟ್ಟರು, ಮೇಲೆ ಮೊಕದ್ದಮೆ ಹೂಡಿ ಒಂದು ರೂಬಲ್ ಪರಿಹಾರವನ್ನೂ ಗೆದ್ದರು. ಅಲ್ಲಿಂದಲೇ ನಡೆಯುತ್ತಿದ್ದ ಎರಡು ಫೇಸ್‌ಬುಕ್ ಪುಟಗಳು 2016ರ ಮೇ 21ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಒಂದೇ ಇಸ್ಲಾಮಿಕ್ ಕೇಂದ್ರದ ಮುಂದೆ ಒಂದೇ ಹೊತ್ತಿಗೆ ಜನ ಸೇರಿಸಿದವು. ಒಂದು ಇಸ್ಲಾಮಿನ ವಿರುದ್ಧ, ಇನ್ನೊಂದು ಪರ. ರಸ್ತೆಯ ಆಚೆ ಈಚೆ ನಿಜವಾದ ಮನುಷ್ಯರು ನಿಜವಾದ ಸಿಟ್ಟಿನಿಂದ ಕೂಗಾಡಿದರು. ಎರಡಕ್ಕೂ ಸೇರಿ ಜಾಹೀರಾತಿಗೆ ಆದ ಖರ್ಚು 200 ಡಾಲರ್ ಎಂದು ಆಮೇಲೆ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಹೇಳಿದರು. ನಮ್ಮಲ್ಲೂ ಲೆಕ್ಕ ವಿಚಿತ್ರವೇ. ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, 2019ರ ಏಪ್ರಿಲ್ 1ರಂದು, ಕಾಂಗ್ರೆಸ್ಸಿನ ಐಟಿ ಸೆಲ್ ಜೊತೆ ನಂಟಿದ್ದವರ 687 ಪುಟ ಮತ್ತು ಖಾತೆಗಳನ್ನು ಫೇಸ್‌ಬುಕ್ ಕಿತ್ತುಹಾಕಿತು. ಅದೇ ದಿನ ಬಿಜೆಪಿ ಪರ ಬರೆಯುತ್ತಿದ್ದ, ಒಂದು ಐಟಿ ಕಂಪನಿಗೆ ಸೇರಿದವರ 15 ಪುಟ, ಖಾತೆಗಳನ್ನೂ ಕಿತ್ತಿತು. 687ಕ್ಕೆ ಇದ್ದ ಹಿಂಬಾಲಕರು ಎರಡು ಲಕ್ಷದ ಆಸುಪಾಸು. 15ಕ್ಕೆ 26 ಲಕ್ಷ. ತಲೆ ಎಣಿಸಿ ಸೈನ್ಯದ ಬಲ ಅಳೆಯಲಾಗದು ಅಂತ ಹುಡುಗರಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮಧ್ಯಾಹ್ನ ಊರು ಹತ್ತಿದೆವು. ಹತ್ತಿದೆವು ಅಂತಲೇ ಹೇಳಬೇಕು, ಇಲ್ಲಿ ಸಮತಟ್ಟು ಅನ್ನುವುದು ನದಿ ಬಿಟ್ಟರೆ ಇಲ್ಲ. ಒಂದು ಮನೆಯ ಸೂರು ಇನ್ನೊಂದು ಮನೆಯ ಅಂಗಳದ ಮಟ್ಟಕ್ಕೆ. ಹುಡುಗ ದಾರಿಯುದ್ದಕ್ಕೂ ಊರಿನ ಹೆಸರುಗಳನ್ನು ಎಣಿಸಿದ. ತುರ್ಕರ ಕಾಲದಲ್ಲಿ ಕೊಪ್ರುಲು, ಸೇತುವೆಯ ಊರು. ಎರಡನೇ ಮಹಾಯುದ್ಧದ ನಂತರ ಟಿಟೊವ್ ವೆಲೆಸ್, ಯುಗೊಸ್ಲಾವಿಯಾ ಆಳಿದ ಮಾರ್ಷಲ್ ಟಿಟೊ ಗೌರವಾರ್ಥ. ದೇಶ ಒಡೆದ ಮೇಲೆ ಟಿಟೊ ಉದುರಿ ಬರೀ ವೆಲೆಸ್. ದೇಶಕ್ಕೇ 2019ರಲ್ಲಿ ಉತ್ತರ ಎಂಬ ವಿಶೇಷಣ ಅಂಟಿತು. ಆ ಹೆಸರಿಗಾಗಿ 2018ರ ಸೆಪ್ಟೆಂಬರಿನಲ್ಲಿ ಜನಮತ ಕೇಳಿದಾಗ 'ಬಹಿಷ್ಕರಿಸಿ' ಎಂದು ಕೂಗುವ ಹೊಚ್ಚ ಹೊಸ ಖಾತೆಗಳು ಅಣಬೆಯಂತೆ ಎದ್ದವು. ಮತ ಹಾಕಲು ಬಂದವರು ನೂರಕ್ಕೆ 37ರ ಹತ್ತಿರ. ಹೊರದೇಶಕ್ಕೆ ರಫ್ತು ಮಾಡಿದ ಸರಕು ಎರಡೇ ವರ್ಷಕ್ಕೆ ಮನೆ ಬಾಗಿಲಿಗೆ ಬಂದಿತ್ತು. ಅದರ ಬಗ್ಗೆ ಹುಡುಗ ಹೆಚ್ಚು ಮಾತಾಡಲಿಲ್ಲ, ಕಲ್ಲೊಂದನ್ನು ಒದ್ದುಕೊಂಡು ನಡೆದ.

ವೆಲೆಸ್ ಅನ್ನುವುದು ಹಳೆಯ ಸ್ಲಾವ್ ಜನರ ದೇವರ ಹೆಸರೂ ಹೌದು. ದನಕರುಗಳ ದೇವರು, ಮಾಟದ ದೇವರು, ಬೇಕಾದ ರೂಪ ತಾಳುವವನು. ಕರಡಿ ಅವನ ಒಂದು ರೂಪ. ಬೆಂಡಿಕ್ಸೆನ್ ಕರಡಿಗಳು ಅಲ್ಲಿಂದಲೇ ಬಂದವು. ಇನ್ನೂ ಸೋಜಿಗವೆಂದರೆ ತಮ್ಮ ಪುಸ್ತಕಕ್ಕೆ ಅವರು ಇಟ್ಟ 'ವೆಲೆಸ್ ಪುಸ್ತಕ' ಎಂಬ ಹೆಸರೂ ಅವರದ್ದಲ್ಲ. 1919ರಲ್ಲಿ ಒಬ್ಬ ರಷ್ಯನ್ ಸೇನಾಧಿಕಾರಿಗೆ ಮರದ ಹಲಗೆಗಳ ಮೇಲೆ ಕೊರೆದ ಪ್ರಾಚೀನ ಗ್ರಂಥ ಸಿಕ್ಕಿತಂತೆ, ಬೆಲ್ಜಿಯಂನಲ್ಲಿ ಅದನ್ನು ಒಬ್ಬರು ನಕಲು ಮಾಡಿಕೊಂಡರಂತೆ, ಯುದ್ಧದಲ್ಲಿ ಹಲಗೆಗಳು ಮಾಯವಾದವಂತೆ. ಭಾಷೆ ಪರೀಕ್ಷಿಸಿದ ವಿದ್ವಾಂಸರು ಅದು ಕೂಟಗ್ರಂಥ ಎಂದರು. ಸುಳ್ಳು ಸುದ್ದಿಯ ಊರಿಗೆ ರೂಪ ಬದಲಿಸುವ ದೇವರ ಹೆಸರು, ಆ ದೇವರ ಹೆಸರಿನಲ್ಲಿ ಒಂದು ಸುಳ್ಳು ಪುಸ್ತಕ, ಅದೇ ಹೆಸರಿನಲ್ಲಿ ಇನ್ನೊಂದು! ಕಥೆ ಕಟ್ಟುವವನು ಹೀಗೆ ಬರೆದರೆ ಅತಿಯಾಯಿತು ಅಂತ ಸಂಪಾದಕರು ಹೊಡೆದುಹಾಕುತ್ತಾರೆ.

ನನಗೆ ಆ ಏರಿನಲ್ಲಿ ನೆನಪಾದವರು ನಮ್ಮ ಶಾಸನ ವಿದ್ವಾಂಸರು. ಗಂಗರ ತಾಮ್ರಪಟಗಳಲ್ಲಿ ಎಷ್ಟು ಅಸಲಿ, ಎಷ್ಟು ಕೂಟ ಎಂದು ಬಿ.ಎಲ್. ರೈಸ್ ಮತ್ತು ಜೆ.ಎಫ್. ಫ್ಲೀಟ್ ವರ್ಷಗಟ್ಟಲೆ ಜಟಾಪಟಿ ನಡೆಸಿದರು. ಜಮೀನು ತಮ್ಮದೆನ್ನಲು ಯಾರೋ ಹಿಂದಿನ ರಾಜನ ಹೆಸರಿನಲ್ಲಿ ದಾನಪತ್ರ ಕೊರೆಸಿದರೆ ಅದನ್ನು ಹಿಡಿಯುವುದು ಹೇಗೆ? ತೇದಿಯಲ್ಲಿ ಹೇಳಿದ ತಿಥಿಗೂ ವಾರಕ್ಕೂ ತಾಳೆಯಾಗದು. ಐದನೇ ಶತಮಾನದ್ದು ಅನ್ನುವ ಪಟದಲ್ಲಿ ಅಕ್ಷರದ ತಲೆಕಟ್ಟು ಮುಂದಿನ ಶತಮಾನಗಳದ್ದಾಗಿರುತ್ತದೆ. ಕೊರೆದವನು ರಾಜನ ಹೆಸರನ್ನೇನೋ ಬದಲಿಸಿದ. ತನ್ನ ಕೈಯ ಅಭ್ಯಾಸ ಬದಲಿಸಲು ಮರೆತ. ಇವತ್ತು ನಾವು ಖಾತೆ ಹುಟ್ಟಿದ ದಿನ, ಪೋಸ್ಟ್ ಬೀಳುವ ಹೊತ್ತು, ನೂರು ಖಾತೆಗಳಲ್ಲಿ ಒಂದೇ ಕಡೆ ತಪ್ಪಿದ ಕಾಗುಣಿತ ನೋಡುತ್ತೇವೆ. ಟೆಕ್ಸಾಸ್‌ನವನು ಅನ್ನುವವನು ದಿನಾ ಟೆಕ್ಸಾಸ್ ಮಲಗಿದ ಹೊತ್ತಿನಲ್ಲೇ ಯಾಕೆ ಎದ್ದಿರುತ್ತಾನೆ? ಕೆಲಸ ಅದೇ. ಫ್ಲೀಟ್ ಸಾಹೇಬರಿಗೆ ಭೂತಗನ್ನಡಿ ಇತ್ತು, ನಮಗೆ ಲ್ಯಾಪ್‌ಟಾಪ್.

ಗುಡ್ಡದ ಮೇಲೆ ಯುದ್ಧದಲ್ಲಿ ಸತ್ತವರ ಸ್ಮಾರಕ. ಬಿಳಿ ಕಾಂಕ್ರೀಟಿನ ದಳಗಳು ಅರಳಿದ ಹೂವಿನ ಹಾಗೆ ಆಕಾಶಕ್ಕೆ ಬಾಯಿ ತೆರೆದಿವೆ. ಅಲ್ಲಿಂದ ಇಳಿಯುತ್ತಾ ನಾನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದ ಚಿತ್ರಗಳನ್ನು ಒಂದೊಂದಾಗಿ ಜಾಗಕ್ಕೆ ಹಿಡಿದು ನೋಡತೊಡಗಿದೆ. ಬಹಳ ಹೊತ್ತು ಏನೂ ಸಿಗಲಿಲ್ಲ. ಹಳೇ ಮನೆಗಳ ಓಣಿಯೊಂದರಲ್ಲಿ ತಿರುಗಿದಾಗ ಎದುರಿಗೆ ಒಂದು ಕಲ್ಲಿನ ಮೆಟ್ಟಿಲ ಸಾಲು. ಕಂಬಿ ಬಾಗಿದ ರೀತಿ, ಗೋಡೆಯ ಗಾರೆ ಉದುರಿದ ರೀತಿ ನನ್ನ ಕೈಯಲ್ಲಿದ್ದ ಚಿತ್ರದಂತೆಯೇ ಕಂಡಿತು. ಅದೇ ಜಾಗವೋ, ನನ್ನ ಆಸೆ ಅದನ್ನು ಅದೇ ಮಾಡಿತೋ, ಆಣೆ ಇಟ್ಟು ಹೇಳಲಾರೆ. ಮೂರು ತಿಂಗಳು ಮೋಸ ಹೋದವನ ಕಣ್ಣು ಇದು. ಆದರೂ ಮೈ ಜುಮ್ಮೆಂದಿತು. ಬಿಸಿಲು ಮೆಟ್ಟಿಲ ಮೇಲೆ ಓರೆಯಾಗಿ ಬಿದ್ದಿತ್ತು. ಯಾರೂ ಇರಲಿಲ್ಲ. ಯಾವತ್ತೂ ಯಾರೂ ಇರದಿದ್ದ ಜಾಗವನ್ನು ನೋಡಲು ಇಷ್ಟು ದೂರ ಬಂದವನು ನಾನೊಬ್ಬನೇ ಇರಬೇಕು.

ಪಕ್ಕದ ಅಂಗಳದಲ್ಲಿ ಅಜ್ಜಿಯೊಬ್ಬರು ಕಟ್ಟಿಗೆ ಒಲೆಯ ಮೇಲೆ ಕೆಂಪು ಮೆಣಸಿನಕಾಯಿ ಸುಡುತ್ತಿದ್ದರು. ಅಕ್ಟೋಬರ್ ಎಂದರೆ ಅಲ್ಲಿ ಐವಾರ್ ಮಾಡುವ ಕಾಲ, ನಮ್ಮಲ್ಲಿ ಉಪ್ಪಿನಕಾಯಿಗೆ ಮಾವಿನ ಮಿಡಿ ಬಂದ ಹಾಗೆ. ಊರಿಗೆ ಊರೇ ಸುಟ್ಟ ಸಿಪ್ಪೆಯ ವಾಸನೆ. ಅಂಗೈಯಗಲದ ದಪ್ಪ ಕಾಯಿಗಳು ಕಪ್ಪಾಗಿ ಬಿರಿದು ಸಿಳ್ಳೆ ಹಾಕುತ್ತಿದ್ದವು. ಸುಟ್ಟದ್ದನ್ನು ಮುಚ್ಚಿಟ್ಟು, ಬೆವರಿದ ಮೇಲೆ ಸಿಪ್ಪೆ ಸುಲಿದು, ಅರೆದು, ಎಣ್ಣೆ ಹಾಕಿ ಗಂಟೆಗಟ್ಟಲೆ ಕಲಕಬೇಕು. ಸುಟ್ಟ ಬದನೆಕಾಯಿ ಗೊಜ್ಜು ತಿಂದು ಬೆಳೆದ ನನ್ನ ಬಾಯಲ್ಲಿ ನೀರೂರಿತು. ಅಲ್ಲಿ ಅಜ್ಜಿಗೆ 'ಬಾಬಾ' ಅನ್ನುತ್ತಾರೆ. ಹುಡುಗ ಹಾಗೆ ಕರೆದಾಗ ಗಡ್ಡದ ಸ್ವಾಮಿಗಳನ್ನು ಹುಡುಕಿ ನಾನು ಹಿಂದೆ ತಿರುಗಿದ್ದೆ.

ನಾನು ಮೆಟ್ಟಿಲ ಚಿತ್ರ ತೆಗೆಯುವುದನ್ನೇ ಅಜ್ಜಿ ಗಮನಿಸಿದರು. ಒಂದು, ಎರಡು, ಹತ್ತು. ಕೊನೆಗೆ ತಡೆಯಲಾರದೆ ಹುಡುಗನನ್ನು ಏನೋ ಕೇಳಿದರು.

"ಅಲ್ಲಿ ಏನೂ ಇಲ್ಲವಲ್ಲ, ಈತ ಏನನ್ನು ತೆಗೆಯುತ್ತಿದ್ದಾನೆ ಅಂತ ಕೇಳುತ್ತಿದ್ದಾರೆ" ಅಂದ.

"ನೀನೇ ಹೇಳಪ್ಪ" ಅಂದೆ.

ಅವನು ಸ್ವಲ್ಪ ಯೋಚಿಸಿ, ಮುಖ ಗಂಭೀರ ಮಾಡಿಕೊಂಡು, ಮೆಟ್ಟಿಲ ಮೇಲ್ತುದಿಗೆ ಕೈ ತೋರಿಸಿ ಒಂದೇ ಒಂದು ಮಾತು ಹೇಳಿದ. 'ಮೆಚ್ಕಾ' ಅಂತ ಕೇಳಿಸಿತು.

"ಹಾಗಂದರೇನು?"

"ಕರಡಿ."

ಅಜ್ಜಿ ಅವನಿಗೆ ಬೈದರು. ಬೈಗುಳಕ್ಕೆ ಭಾಷಾಂತರ ಬೇಕಾಗಲಿಲ್ಲ. ಇಕ್ಕಳದಿಂದ ನಾಲ್ಕು ಕಾಯಿ ಮಗುಚಿದರು. ಆಮೇಲೆ ತಲೆ ಎತ್ತಿ ಖಾಲಿ ಮೆಟ್ಟಿಲಿನ ಕಡೆ ಒಮ್ಮೆ ನೋಡಿ, ಸುಲಿದ ಮೆಣಸಿನಕಾಯಿಯ ತಟ್ಟೆಯನ್ನು ತುಸು ಒಳಕ್ಕೆ ಎಳೆದುಕೊಂಡರು.